ಶಾಯಿಯ ಮೂರು ಕೆಲಸ: ಇಂಕ್‌ಜೆಟ್ ಪ್ರಿಂಟರ್ ಮತ್ತು ಮನೆಯಲ್ಲೇ ಮಾಡುವ ಪಿಸಿಬಿ

(ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳು ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ಅಳತೆಗಳನ್ನು ಇಲ್ಲಿ ಸೇರಿಸಿದ್ದೇನೆ.)

ಸ್ನೇಹಿತರೆ,

ಮನೆಯಲ್ಲಿ ಪಿಸಿಬಿ, ಅಂದರೆ ಬಿಡಿಭಾಗಗಳನ್ನು ತಾಮ್ರದ ಗೆರೆಗಳಿಂದ ಜೋಡಿಸುವ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್, ಮಾಡಲು ಹೊರಟವರು ನನ್ನನ್ನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. "ಸರ್ಕ್ಯೂಟಿನ ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿ, ತಾಮ್ರದ ಹಲಗೆಯ ಮೇಲೆ ಕವುಚಿಟ್ಟು, ಇಸ್ತ್ರಿ ಪೆಟ್ಟಿಗೆಯಿಂದ ಹತ್ತು ನಿಮಿಷ ಒತ್ತಿದೆ. ಒಂದು ಗೆರೆಯೂ ತಾಮ್ರಕ್ಕೆ ಹತ್ತಲಿಲ್ಲ. ಎಲ್ಲಿ ತಪ್ಪಿದೆ?" ಹೀಗೆ ಕೇಳಿದವರಿಗೆ ನಾನು ಮೊದಲು ಕೇಳುವುದು ಪ್ರಿಂಟರ್ ಯಾವುದು ಎಂದು. ಇಂಕ್‌ಜೆಟ್ ಎಂಬ ಉತ್ತರ ಬಂದರೆ ಕಾರಣವೂ ಅಲ್ಲೇ ಸಿಕ್ಕಂತಾಯಿತು. ಲೇಸರ್ ಪ್ರಿಂಟರಿನ ಟೋನರ್ ಎಂಬುದು ಪ್ಲಾಸ್ಟಿಕ್ಕಿನ ನುಣುಪಾದ ಪುಡಿ. ಅದು ಶಾಖಕ್ಕೆ ಕರಗಿ, ಕಾಗದವನ್ನು ಬಿಟ್ಟು ತಾಮ್ರವನ್ನು ಹಿಡಿಯುತ್ತದೆ. ಇಂಕ್‌ಜೆಟ್ ಶಾಯಿ ದ್ರವವಾಗಿ ಬಂದು ಕಾಗದದ ನಾರಿನೊಳಗೆ ಇಂಗಿ ಒಣಗಿರುತ್ತದೆ. ಇಂಗಿದ್ದನ್ನು ಶಾಖ ಕೊಟ್ಟು ಹೊರಗೆಳೆಯಲಾಗುವುದಿಲ್ಲ. ಇಸ್ತ್ರಿಯ ವಿಧಾನ ಲೇಸರಿಗೆ ಮಾತ್ರ ಸಲ್ಲುವಂಥದ್ದು.

ಆದ್ದರಿಂದ ಇಂಕ್‌ಜೆಟ್ ಈ ಕೆಲಸಕ್ಕೆ ಬಾರದು ಎಂದು ಬಹಳಷ್ಟು ಜನ ತೀರ್ಮಾನಿಸಿಬಿಡುತ್ತಾರೆ. ಆ ತೀರ್ಮಾನ ತಪ್ಪು ಎಂದು ಹೇಳುವುದಕ್ಕಾಗಿಯೇ ಇಂದು ನಿಮ್ಮ ಮುಂದೆ ನಿಂತಿದ್ದೇನೆ. ಪಿಸಿಬಿ ಕೆಲಸದಲ್ಲಿ ಶಾಯಿಯಿಂದ ಮೂರು ಬಗೆಯ ಸೇವೆ ಪಡೆಯಬಹುದು: ಅದು ವಿದ್ಯುತ್ತನ್ನು ಹರಿಸಬಹುದು, ತಾಮ್ರ ಕರಗಿಸುವ ದ್ರಾವಣವನ್ನು ತಡೆಯಬಹುದು, ಇಲ್ಲವೇ ಬೆಳಕನ್ನು ತಡೆಯಬಹುದು. ಮೂರನ್ನೂ ಜನ ಮಾಡಿ ತೋರಿಸಿದ್ದಾರೆ. ಮನೆಯಲ್ಲಿ ಮಾಡುವವರಿಗೆ ಮೂರನೆಯದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಆ ಅಭಿಪ್ರಾಯಕ್ಕೆ ಒಂದು ಸೂಕ್ಷ್ಮವಾದ ಕಾರಣವಿದೆ. ಅದನ್ನು ಅದರ ಜಾಗದಲ್ಲಿ ವಿವರಿಸುತ್ತೇನೆ.

ಪಿಸಿಬಿ ಎಂಬ ಹೆಸರಿನ ಮೊದಲ ಅಕ್ಷರವೇ ಮುದ್ರಣವನ್ನು ಸೂಚಿಸುತ್ತದೆ ಎಂಬುದನ್ನು ನಾವು ಮರೆತಿದ್ದೇವೆ. ವಿಯೆನ್ನಾದಲ್ಲಿ ಹುಟ್ಟಿ ಲಂಡನ್ನಿಗೆ ಬಂದು ನೆಲೆಸಿದ ಪಾಲ್ ಐಸ್ಲರ್ 1936ರ ಸುಮಾರಿಗೆ ತಂತಿಗಳ ಬದಲು ತೆಳುವಾದ ಲೋಹದ ಹಾಳೆಯ ಗೆರೆಗಳನ್ನೇ ಬಳಸಿ ರೇಡಿಯೊ ಒಂದನ್ನು ಕಟ್ಟಿದರು. ಬೇಕಾದ ಗೆರೆಗಳನ್ನು ಮುಚ್ಚಿ, ಉಳಿದ ಲೋಹವನ್ನು ಕರಗಿಸಿ ತೆಗೆಯುವುದು ಮುದ್ರಣಾಲಯಗಳಲ್ಲಿ ಅಚ್ಚಿನ ಫಲಕ ಮಾಡುವವರಿಗೆ ಮೊದಲೇ ಗೊತ್ತಿದ್ದ ವಿದ್ಯೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಇನ್ನೊಂದು ದಾರಿಯನ್ನೂ ಹಿಡಿದರು: ಗುರಿಯ ಸಮೀಪ ಬಂದೊಡನೆ ತಾನಾಗಿ ಸಿಡಿಯುವ ಸಿಡಿಗುಂಡಿನ ಪುಟ್ಟ ರೇಡಿಯೊ ಭಾಗಕ್ಕಾಗಿ, ಪಿಂಗಾಣಿ ಬಿಲ್ಲೆಗಳ ಮೇಲೆ ಬೆಳ್ಳಿಯ ಬಣ್ಣವನ್ನು ಸ್ಕ್ರೀನ್ ಪ್ರಿಂಟಿಂಗ್‌ನಿಂದ ಅಚ್ಚು ಹಾಕಿದರು. ಒಂದು ದಾರಿಯಲ್ಲಿ ಬೇಡದ ಲೋಹವನ್ನು ತೆಗೆಯುತ್ತೇವೆ, ಇನ್ನೊಂದರಲ್ಲಿ ಬೇಕಾದಷ್ಟನ್ನೇ ಹಾಕುತ್ತೇವೆ. ಇಂದಿನ ಇಂಕ್‌ಜೆಟ್ ಪ್ರಯೋಗಗಳೆಲ್ಲ ಈ ಎರಡು ದಾರಿಗಳಲ್ಲೇ ನಡೆದಿವೆ.

ಇಂಕ್‌ಜೆಟ್‌ಗೂ ನಮ್ಮ ಬೆಸುಗೆ ಮೇಜಿಗೂ ಒಂದು ನಂಟಿದೆ. 1977ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಇಚಿರೊ ಎಂಡೊ ಅವರು ಕೆಲಸ ಮಾಡುತ್ತಿದ್ದಾಗ, ಕಾದ ಸೋಲ್ಡರಿಂಗ್ ಐರನ್ನು ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ಆಕಸ್ಮಿಕವಾಗಿ ತಾಗಿ, ಸೂಜಿಯ ತುದಿಯಿಂದ ಶಾಯಿ ಚಿಮ್ಮಿತು. ಶಾಯಿಯನ್ನು ಕ್ಷಣಕಾಲ ಕುದಿಸಿ, ಗುಳ್ಳೆಯ ಒತ್ತಡದಿಂದ ಹನಿಯನ್ನು ಹೊರದೂಡುವ ತಂತ್ರ ಅಲ್ಲಿಂದ ಬೆಳೆಯಿತು. ಎಪ್ಸನ್ ಪ್ರಿಂಟರುಗಳು ಬೇರೆ ತಂತ್ರವನ್ನು ಅನುಸರಿಸುತ್ತವೆ: ವಿದ್ಯುತ್ ಕೊಟ್ಟಾಗ ಆಕಾರ ಬದಲಿಸುವ ಪೀಜೊ ಹರಳು ಶಾಯಿಯನ್ನು ಹಿಂಡಿ ಹೊರಹಾಕುತ್ತದೆ, ಶಾಯಿ ಕುದಿಯುವುದೇ ಇಲ್ಲ. ಕುದಿಸಬೇಕಾಗಿಲ್ಲದ ಕಾರಣ ಅವುಗಳಲ್ಲಿ ಬಗೆಬಗೆಯ ಶಾಯಿಗಳನ್ನು ತುಂಬಿ ನೋಡಲು ಅವಕಾಶ ಹೆಚ್ಚು. ಹವ್ಯಾಸಿಗಳ ಕೈಯಲ್ಲಿ ಬಿಚ್ಚಿಸಿಕೊಂಡ ಪ್ರಿಂಟರುಗಳಲ್ಲಿ ಎಪ್ಸನ್ನಿನವೇ ಹೆಚ್ಚಾಗಿರುವುದು ಇದೇ ಕಾರಣಕ್ಕೆ.

ಮೊದಲು ವಿದ್ಯುತ್ ಹರಿಸುವ ಶಾಯಿಯನ್ನು ನೋಡೋಣ. 2013ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಯೋಶಿಹಿರೊ ಕವಾಹರಾ ಮತ್ತು ಅವರ ಸಹೋದ್ಯೋಗಿಗಳು ಬೆಳ್ಳಿಯ ನ್ಯಾನೊಕಣಗಳಿರುವ ಶಾಯಿಯನ್ನು ಮಾಮೂಲಿ ಇಂಕ್‌ಜೆಟ್ ಪ್ರಿಂಟರಿಗೆ ತುಂಬಿ, ವಿಶೇಷ ಲೇಪನವಿದ್ದ ಹಾಳೆಯ ಮೇಲೆ ಸರ್ಕ್ಯೂಟನ್ನು ನೇರವಾಗಿ ಮುದ್ರಿಸಿ ತೋರಿಸಿದರು. ಬೇಯಿಸುವ ಅಗತ್ಯವೂ ಇರಲಿಲ್ಲ. ಹಾಳೆಯ ಲೇಪನದೊಡನೆ ನಡೆಯುವ ರಾಸಾಯನಿಕ ಕ್ರಿಯೆಯಿಂದಲೇ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತಿದ್ದವು. ಆ ಕೆಲಸದಿಂದ ಹುಟ್ಟಿದ ಎಲಿಫೆಂಟೆಕ್ ಎಂಬ ಕಂಪನಿ ಮುದ್ರಿತ ಲೋಹದ ತೆಳು ಪದರದ ಮೇಲೆ ತಾಮ್ರವನ್ನು ಬೆಳೆಸಿ, ಬಾಗುವ ಬೋರ್ಡುಗಳನ್ನು ತಯಾರಿಸುತ್ತಿದೆ. ಮೇಲೆ ತಾಮ್ರ ಬೆಳೆಸುವ ಹೆಚ್ಚಿನ ಕೆಲಸ ಏಕೆ ಎಂಬುದು ಒಂದು ಸಣ್ಣ ಲೆಕ್ಕದಿಂದ ತಿಳಿಯುತ್ತದೆ. 1 ಮಿಲಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದದ ಗೆರೆಯೊಂದನ್ನು ತೆಗೆದುಕೊಳ್ಳಿ. ಅದನ್ನು 1 ಮಿಲಿಮೀಟರಿನ 100 ಚೌಕಗಳ ಸಾಲು ಎಂದು ಭಾವಿಸಬಹುದು. ನಾವು ಕೊಳ್ಳುವ ಹಲಗೆಯ ಮೇಲಿನ 35 ಮೈಕ್ರಾನ್ ತಾಮ್ರದಲ್ಲಿ ಒಂದು ಚೌಕದ ರೋಧ ಅರ್ಧ ಮಿಲಿಓಮಿನಷ್ಟು, ಅಂದರೆ ಇಡೀ ಗೆರೆಗೆ 0.05 ಓಮ್. ಟೋಕಿಯೊದ ಬೆಳ್ಳಿ ಶಾಯಿಯಲ್ಲಿ ಒಂದು ಚೌಕಕ್ಕೆ ಸುಮಾರು 0.2 ಓಮ್, ಅಂದರೆ ಗೆರೆಗೆ 20 ಓಮ್. 20 ಮಿಲಿಆಂಪಿಯರಿನ ಎಲ್ಇಡಿಗೆ ಅದರಿಂದ 0.4 ವೋಲ್ಟ್ ಮಾತ್ರ ನಷ್ಟ, ಅಡ್ಡಿಯಿಲ್ಲ. ಅದೇ ಗೆರೆಯಲ್ಲಿ ಅರ್ಧ ಆಂಪಿಯರಿನ ಮೋಟರನ್ನು ಓಡಿಸಬೇಕೆಂದರೆ 10 ವೋಲ್ಟ್ ಗೆರೆಯಲ್ಲೇ ಕಳೆದುಹೋಗುತ್ತದೆ. ಕಾಗದದ ಮೇಲೆ ಬೆಸುಗೆಯೂ ನಿಲ್ಲುವುದಿಲ್ಲ. ಕಲಿಕೆಗೆ, ಸ್ಪರ್ಶ ಸಂವೇದಕಗಳಿಗೆ, ಆಂಟೆನಾ ಪ್ರಯೋಗಗಳಿಗೆ ಇದು ಬಹಳ ಸುಂದರವಾದ ವಿಧಾನ. ಮನೆಯ ಮಾಳಿಗೆಯ ಟ್ಯಾಂಕಿನ ಪಂಪನ್ನು ನಡೆಸುವ ರಿಲೇ ಬೋರ್ಡಿಗೆ ಅಲ್ಲ.

ಎರಡನೆಯದು, ಶಾಯಿಯನ್ನು ತಾಮ್ರದ ಮೇಲೆಯೇ ಮುದ್ರಿಸಿ, ಅದನ್ನೇ ದ್ರಾವಣದಿಂದ ಕಾಪಾಡುವ ಹೊದಿಕೆಯನ್ನಾಗಿ ಮಾಡುವುದು. ಕೇಳಲು ಇದಕ್ಕಿಂತ ನೇರವಾದ ವಿಧಾನ ಇಲ್ಲ. ಆದರೆ ಇಲ್ಲಿ ಶಾಯಿಯ ಜಾತಿ ಮುಖ್ಯವಾಗುತ್ತದೆ. ಡೈ ಶಾಯಿ ನೀರಿನಲ್ಲಿ ಕರಗುವ ಬಣ್ಣವಾದ್ದರಿಂದ ದ್ರಾವಣಕ್ಕೆ ಇಳಿಸಿದ ಕೂಡಲೇ ತೊಳೆದುಹೋಗುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣದ ಕಣಗಳ ಜೊತೆಗೆ ಅಂಟು ರಾಳವೂ ಇದ್ದರೆ, ಮುದ್ರಿಸಿದ ಬೋರ್ಡನ್ನು 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕಾಯಿಸಿದಾಗ ಅದು ಗಟ್ಟಿಯಾಗಿ ನಿಲ್ಲುತ್ತದೆ. ಹಲಗೆಯ ದಪ್ಪವೇ ನಿಜವಾದ ತೊಡಕು. ಸಿ.ಡಿ. ಮೇಲೆ ಮುದ್ರಿಸುವ ತಟ್ಟೆಯಿರುವ ಪ್ರಿಂಟರುಗಳು 1.2 ಮಿಲಿಮೀಟರ್ ದಪ್ಪಕ್ಕೆ ಸಿದ್ಧವಾಗಿರುತ್ತವೆ, ನಮ್ಮ ಸಾಮಾನ್ಯ ಬೋರ್ಡು 1.6 ಮಿಲಿಮೀಟರ್. ಆದ್ದರಿಂದ ತೆಳುವಾದ ಬೋರ್ಡನ್ನು ಹುಡುಕಬೇಕು ಅಥವಾ ಪ್ರಿಂಟರನ್ನು ಬಿಚ್ಚಿ, ಶಾಯಿಯ ತಲೆ ಓಡಾಡುವ ಸರಳನ್ನು ಮೇಲೆತ್ತಿ, ಕಾಗದ ಬಂದಿತೆಂದು ತಿಳಿಸುವ ಸಂವೇದಕವನ್ನು ಬೋರ್ಡಿಗೆ ಹೊಂದಿಸಬೇಕು. ತಾಮ್ರ ಶಾಯಿಯನ್ನು ಹೀರುವುದಿಲ್ಲವಾದ್ದರಿಂದ ಹನಿಗಳು ಕೂಡಿಕೊಂಡು ಗೆರೆಯ ಅಂಚು ಅಂಕುಡೊಂಕಾಗುವುದನ್ನೂ ತಡೆಯಬೇಕು. ಈ ಕೆಲಸವನ್ನು ಶ್ರದ್ಧೆಯಿಂದ ಮಾಡಿ ಕಾಲು ಮಿಲಿಮೀಟರಿನ ಗೆರೆಗಳನ್ನು ತೆಗೆದವರಿದ್ದಾರೆ, ಅವರ ತಾಳ್ಮೆಗೆ ನನ್ನ ಗೌರವವಿದೆ. ಆದರೆ ಮನೆಯ ಏಕೈಕ ಪ್ರಿಂಟರನ್ನು, ಮಕ್ಕಳ ಶಾಲೆಯ ಕೆಲಸಕ್ಕೂ ಬೇಕಾದ ಪ್ರಿಂಟರನ್ನು, ಇದಕ್ಕಾಗಿ ಬಿಚ್ಚಿ ಎಂದು ನಾನು ಯಾರಿಗೂ ಹೇಳಲಾರೆ.

ಈಗ ಮೂರನೆಯ ವಿಧಾನಕ್ಕೆ ಬರೋಣ. ಲಗ್ನಪತ್ರಿಕೆ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯನ್ನು ನೀವೆಲ್ಲ ನೋಡಿರುತ್ತೀರಿ. ಅಲ್ಲಿ ಪಾರದರ್ಶಕ ಫಿಲ್ಮಿನ ಮೇಲೆ ಕಪ್ಪು ಅಕ್ಷರಗಳನ್ನು ಮುದ್ರಿಸಿ, ಬೆಳಕಿಗೆ ಗಟ್ಟಿಯಾಗುವ ಲೇಪನ ಹಚ್ಚಿದ ಜಾಲರಿಯ ಮೇಲಿಟ್ಟು ಬೆಳಕು ಹಾಯಿಸುತ್ತಾರೆ. ನಾವು ಮಾಡುವುದೂ ಅದನ್ನೇ, ಜಾಲರಿಯ ಬದಲು ತಾಮ್ರದ ಹಲಗೆ. ಲೇಪನಕ್ಕೆ ಬದಲಾಗಿ ಡ್ರೈ ಫಿಲ್ಮ್ ಎಂಬ ತೆಳುವಾದ ನೀಲಿ ಹಾಳೆ ಸಿಗುತ್ತದೆ. ಅದರ ಎರಡೂ ಬದಿಗೆ ಪ್ಲಾಸ್ಟಿಕ್ ಹೊದಿಕೆ, ನಡುವೆ ಅತಿನೇರಳೆ ಬೆಳಕು ಬಿದ್ದರೆ ಗಟ್ಟಿಯಾಗುವ ಪದರ. ಬೆಳಕು ಬಿದ್ದ ಜಾಗ ಉಳಿಯುತ್ತದೆ, ಬೀಳದ ಜಾಗ ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಕರಗುತ್ತದೆ. ಆದ್ದರಿಂದ ನಮ್ಮ ಮುದ್ರಣ ತಿರುವುಮುರುವಾಗಿರಬೇಕು: ಟ್ರ್ಯಾಕು (ತಾಮ್ರದ ಗೆರೆ), ಪ್ಯಾಡುಗಳು (ಬಿಡಿಭಾಗದ ಕಾಲನ್ನು ಬೆಸೆಯುವ ಜಾಗ) ಪಾರದರ್ಶಕ, ಉಳಿದದ್ದೆಲ್ಲ ಕಪ್ಪು.

ಇಷ್ಟೊಂದು ಶಾಯಿ ವ್ಯರ್ಥವಲ್ಲವೇ ಎಂದು ಕೇಳುತ್ತಾರೆ. ನಾನು ಆರಂಭದಲ್ಲಿ ಹೇಳಿದ ಸೂಕ್ಷ್ಮ ಕಾರಣ ಇರುವುದು ಇಲ್ಲಿಯೇ. ಇಂಕ್‌ಜೆಟ್ಟಿನ ದೊಡ್ಡ ದೌರ್ಬಲ್ಯವೆಂದರೆ ಅದರ ಕಪ್ಪು ಎಂದಿಗೂ ಪೂರ್ಣ ಕಪ್ಪಲ್ಲ. ಸೂರ್ಯನಿಗೆ ಹಿಡಿದು ನೋಡಿದರೆ ಸೂಜಿಮೊನೆಯಷ್ಟು ರಂಧ್ರಗಳು ಕಾಣುತ್ತವೆ. ಟ್ರ್ಯಾಕುಗಳೇ ಕಪ್ಪಾಗಿರಬೇಕಾದ ಇನ್ನೊಂದು ಬಗೆಯ ರೆಸಿಸ್ಟ್ (ದ್ರಾವಣವನ್ನು ತಡೆಯುವ ಪದರ) ಬಳಸಿದರೆ, ಪ್ರತಿಯೊಂದು ರಂಧ್ರವೂ ಟ್ರ್ಯಾಕಿನಲ್ಲಿ ಒಂದು ತೂತಾಗಿ, ಸಣ್ಣ ಗೆರೆಗಳು ತುಂಡಾಗುತ್ತವೆ. ಡ್ರೈ ಫಿಲ್ಮಿನಲ್ಲಿ ಅದೇ ರಂಧ್ರ ಬೀಳುವುದು ತಾಮ್ರ ಬೇಡವಾದ ಜಾಗದಲ್ಲಿ. ಅಲ್ಲಿ ಬೆಳಕು ನುಸುಳಿದರೆ ಯಾವುದಕ್ಕೂ ಸೇರದ ತಾಮ್ರದ ಒಂದು ಚುಕ್ಕೆ ಉಳಿಯುತ್ತದೆ, ಅಷ್ಟೇ. ಎರಡು ಗೆರೆಗಳು ತೀರ ಒತ್ತಾಗಿದ್ದರೆ ಮಾತ್ರ ಆ ಚುಕ್ಕೆಯಿಂದ ಅಪಾಯ, ಮತ್ತು ಅದನ್ನು ಚಾಕುವಿನ ಮೊನೆಯಿಂದ ಕೆರೆದು ತೆಗೆಯಬಹುದು. ತುಂಡಾದ ಗೆರೆಯನ್ನು ಜೋಡಿಸುವುದಕ್ಕಿಂತ ಉಳಿದ ಚುಕ್ಕೆಯನ್ನು ಕೆರೆಯುವುದು ಎಷ್ಟೋ ಸುಲಭ. ಪ್ರಿಂಟರಿನ ದೋಷವನ್ನು ತೊಡೆದುಹಾಕಲು ನಮ್ಮಿಂದ ಆಗದಿದ್ದರೂ, ಅದು ಹಾನಿ ಮಾಡದ ಜಾಗಕ್ಕೆ ಅದನ್ನು ಸರಿಸಲು ಆಗುತ್ತದೆ. ಡ್ರೈ ಫಿಲ್ಮ್ ಮತ್ತು ಇಂಕ್‌ಜೆಟ್ ಜೋಡಿ ನನಗೆ ಇಷ್ಟವಾಗಿರುವುದು ಇದಕ್ಕಾಗಿಯೇ.

ರಂಧ್ರಗಳನ್ನು ಕಡಿಮೆ ಮಾಡುವ ಪ್ರಯತ್ನವನ್ನಂತೂ ಮಾಡಲೇಬೇಕು. ಸಾದಾ ಓಎಚ್‌ಪಿ ಶೀಟಿನ ಮೇಲೆ ಇಂಕ್‌ಜೆಟ್ ಶಾಯಿ ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿಗಟ್ಟುತ್ತದೆ. ಶಾಯಿ ಹೀರುವ ಲೇಪನವಿರುವ ಇಂಕ್‌ಜೆಟ್ ಫಿಲ್ಮನ್ನೇ ಕೊಳ್ಳಬೇಕು ಮತ್ತು ತುಸು ಒರಟಾಗಿರುವ ಬದಿಗೇ ಮುದ್ರಿಸಬೇಕು. ಸ್ಕ್ರೀನ್ ಪ್ರಿಂಟಿಂಗ್ ಸಾಮಗ್ರಿ ಮಾರುವವರನ್ನು ವಿಚಾರಿಸಿ. ಪ್ರಿಂಟರಿನ ಸೆಟ್ಟಿಂಗಿನಲ್ಲಿ ಅತ್ಯುತ್ತಮ ಗುಣಮಟ್ಟವನ್ನು ಆರಿಸಿ. ಕೆಲವು ಪ್ರಿಂಟರುಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಬಣ್ಣಗಳು ಡೈ ಆಗಿದ್ದು, ಫೋಟೊ ಕಾಗದ ಎಂದು ಆರಿಸಿದಾಗ ಅವು ಕಪ್ಪು ಶಾಯಿಯನ್ನು ಬಿಟ್ಟು ಬಣ್ಣಗಳನ್ನು ಬೆರೆಸಿಯೇ ಕಪ್ಪು ಮಾಡುತ್ತವೆ. ಆದ್ದರಿಂದ ಮ್ಯಾಟ್ ಕಾಗದ, ಫೋಟೊ ಕಾಗದ ಎರಡನ್ನೂ ಆರಿಸಿ ಒಂದೊಂದು ತುಣುಕು ಮುದ್ರಿಸಿ ಹೋಲಿಸಬೇಕು. ಕಣ್ಣಿಗೆ ಕಪ್ಪಾಗಿ ಕಂಡದ್ದು ಅತಿನೇರಳೆಗೂ ಕಪ್ಪೇ ಆಗಿರಬೇಕೆಂದಿಲ್ಲ ಎಂಬುದನ್ನು ನೆನಪಿನಲ್ಲಿಡಿ. ಸಾಲದೆನಿಸಿದರೆ ಒಂದೇ ಚಿತ್ರದ ಎರಡು ಪ್ರತಿಗಳನ್ನು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಿಸಿ ಅಂಟಿಸಿದರೆ, ಒಂದರ ರಂಧ್ರವನ್ನು ಇನ್ನೊಂದು ಮುಚ್ಚುತ್ತದೆ.

ಚಿತ್ರ ಬಿಡಿಸಲು ಕೀಕ್ಯಾಡ್ ಸಾಕು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಧ್ಯಾಪಕರಾಗಿದ್ದ ಜಾನ್-ಪಿಯರ್ ಶಾರಾ 1992ರಲ್ಲಿ ಆರಂಭಿಸಿದ, ಮುಂದೆ ಯುರೋಪಿನ ಕಣಭೌತ ಸಂಶೋಧನಾ ಸಂಸ್ಥೆ ಸರ್ನ್ ಕೂಡ ಕೈಜೋಡಿಸಿದ ಈ ತಂತ್ರಾಂಶ ಮುಕ್ತವಾಗಿ ಸಿಗುತ್ತದೆ. ಟ್ರ್ಯಾಕುಗಳನ್ನು ಅರ್ಧ ಮಿಲಿಮೀಟರಿಗಿಂತ ಕಿರಿದು ಮಾಡುವ ಆಸೆ ಆರಂಭದಲ್ಲಿ ಬೇಡ. 35 ಮೈಕ್ರಾನ್ ತಾಮ್ರದಲ್ಲಿ 1 ಮಿಲಿಮೀಟರ್ ಅಗಲದ ಟ್ರ್ಯಾಕು 10 ಡಿಗ್ರಿಯಷ್ಟು ಬಿಸಿಯೇರುವುದರೊಳಗೆ 2 ಆಂಪಿಯರಿಗೂ ತುಸು ಹೆಚ್ಚು ಕರೆಂಟನ್ನು ಹೊರುತ್ತದೆ, ಹವ್ಯಾಸಿಗಳ ಬಹುಪಾಲು ಕೆಲಸಕ್ಕೆ ಅಷ್ಟು ಧಾರಾಳ. ಮುದ್ರಿಸುವಾಗ ಎರಡು ಎಚ್ಚರಿಕೆಗಳಿವೆ. ಅಳತೆ ನೂರಕ್ಕೆ ನೂರು ಇರಬೇಕು. ಪುಟಕ್ಕೆ ಹೊಂದಿಸುವ ಆಯ್ಕೆ ತಾನಾಗಿ ಚಾಲೂ ಆಗಿದ್ದರೆ ಚಿತ್ರ ಶೇ 3ರಷ್ಟು ಕುಗ್ಗಿದರೂ, 40 ಕಾಲಿನ ಐಸಿಯ (ಚಿಪ್ಪಿನ) ಕೊನೆಯ ಕಾಲುಗಳು ತೂತಿಗೆ ಇಳಿಯುವುದಿಲ್ಲ. ನನ್ನ ಮೊದಲ ಬೋರ್ಡು ಹೀಗೆಯೇ ಕೆಟ್ಟಿತು. ಅಂದಿನಿಂದ ಫಿಲ್ಮಿಗೆ ಮೊದಲು ಸಾದಾ ಕಾಗದದ ಮೇಲೆ ಮುದ್ರಿಸಿ, ಐಸಿಯನ್ನು ಅದರ ಮೇಲಿಟ್ಟು ಕಾಲುಗಳು ಕೂಡುತ್ತವೆಯೇ ಎಂದು ನೋಡದೆ ಮುಂದುವರಿದಿಲ್ಲ. ಇನ್ನೊಂದು ಎಚ್ಚರಿಕೆ ಎಡಬಲದ್ದು. ಫಿಲ್ಮಿನ ಶಾಯಿ ಇರುವ ಬದಿಯೇ ಬೋರ್ಡಿಗೆ ತಾಗಬೇಕು, ಇಲ್ಲವಾದರೆ ಫಿಲ್ಮಿನ ದಪ್ಪದಷ್ಟು ಜಾಗದಲ್ಲಿ ಬೆಳಕು ಓರೆಯಾಗಿ ನುಸುಳಿ ಅಂಚು ಮಸುಕಾಗುತ್ತದೆ. ಹಾಗೆ ಕವುಚಿ ಇಡುವುದರಿಂದ, ಕೆಳಬದಿಯ ತಾಮ್ರದ ಪದರವನ್ನು ಪರದೆಯಲ್ಲಿ ಕಂಡಂತೆಯೇ ಮುದ್ರಿಸಬೇಕು, ಮೇಲ್ಬದಿಯದನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ ಮುದ್ರಿಸಬೇಕು. ತಾಮ್ರದ ಪದರದಲ್ಲೇ ಒಂದು ಹೆಸರನ್ನು ಬರೆದಿಟ್ಟರೆ ಸಂದೇಹವೇ ಉಳಿಯುವುದಿಲ್ಲ: ಫಿಲ್ಮನ್ನು ಬೋರ್ಡಿನ ಮೇಲೆ ಕವುಚಿದಾಗ ಹೆಸರು ನೇರವಾಗಿ ಓದಲು ಬರಬೇಕು.

ಹಲಗೆಯನ್ನು ಪಾತ್ರೆ ಉಜ್ಜುವ ಸ್ಕ್ರಬ್ಬರಿನಿಂದ ಉಜ್ಜಿ ತೊಳೆಯಿರಿ. ನೀರು ಹನಿಹನಿಯಾಗಿ ಒಡೆಯದೆ ಒಂದೇ ಹಾಳೆಯಂತೆ ಹರಡಿ ನಿಂತರೆ ಜಿಡ್ಡು ಹೋಗಿದೆ ಎಂದರ್ಥ. ಅಲ್ಲಿಂದಾಚೆಗೆ ಬೆರಳು ತಾಗಿಸಬಾರದು. ಡ್ರೈ ಫಿಲ್ಮಿನ ಸುರುಳಿಯ ಒಳಬದಿಯ ಮೃದುವಾದ ಹೊದಿಕೆಯನ್ನು ಮಾತ್ರ ಸುಲಿದು, ಗುಳ್ಳೆ ಬಾರದಂತೆ ಒಂದು ಅಂಚಿನಿಂದ ಒತ್ತುತ್ತಾ ಅಂಟಿಸಿ, ಗುರುತಿನ ಚೀಟಿಗಳಿಗೆ ಪ್ಲಾಸ್ಟಿಕ್ ಹೊದಿಸುವ ಲ್ಯಾಮಿನೇಟರಿನಲ್ಲಿ 100 ಡಿಗ್ರಿಯ ಸುಮಾರಿಗೆ ಎರಡು ಮೂರು ಸಲ ಹಾಯಿಸಬೇಕು. ಇಷ್ಟನ್ನೂ ಕಿಟಕಿ ಮುಚ್ಚಿ, ಹಳದಿ ದೀಪದ ಮಂದ ಬೆಳಕಿನಲ್ಲಿ ಮಾಡಬೇಕು. ಆಮೇಲೆ ಮುದ್ರಿಸಿದ ಫಿಲ್ಮನ್ನು ಅದರ ಮೇಲೆ ಕವುಚಿ, ಮೇಲೊಂದು ಗಾಜು ಹೇರಿ, 395ರಿಂದ 405 ನ್ಯಾನೊಮೀಟರಿನ ಯುವಿ (ಅತಿನೇರಳೆ) ಎಲ್ಇಡಿ ದೀಪಕ್ಕೆ ಅಥವಾ ಉಗುರು ಬಣ್ಣ ಒಣಗಿಸುವ ಯುವಿ ದೀಪಕ್ಕೆ ಒಡ್ಡಬಹುದು. ನಮ್ಮ ಬಿಸಿಲಿಗೂ ಈ ಶಕ್ತಿ ಯಥೇಚ್ಛವಾಗಿದೆ, ಆದರೆ ಮೋಡದ ತುಣುಕೊಂದು ಅಡ್ಡ ಬಂದರೆ ಲೆಕ್ಕ ತಪ್ಪುತ್ತದೆ. ಎಷ್ಟು ಸೆಕೆಂಡು ಎಂದು ಯಾರನ್ನೂ ಕೇಳಬೇಡಿ. ನಿಮ್ಮ ದೀಪ, ನಿಮ್ಮ ಅಂತರ, ನಿಮ್ಮ ಶಾಯಿ ಬೇರೆ. ಒಂದು ತುಂಡು ಬೋರ್ಡಿನ ಮೇಲೆ ರಟ್ಟನ್ನು 10 ಸೆಕೆಂಡಿಗೊಮ್ಮೆ ಸರಿಸುತ್ತಾ ಬೆಳಕು ಕೊಟ್ಟು ನೋಡಿದರೆ ಉತ್ತರ ನಿಮ್ಮ ಕೈಯಲ್ಲೇ ಇರುತ್ತದೆ. ಬೆಳಕು ಕಡಿಮೆಯಾದರೆ ಟ್ರ್ಯಾಕುಗಳು ತೊಳೆಯುವಾಗ ಎದ್ದುಬರುತ್ತವೆ, ಹೆಚ್ಚಾದರೆ ಗೆರೆಗಳ ನಡುವಿನ ಜಾಗವೂ ಗಟ್ಟಿಯಾಗಿ ಕರಗದೆ ಕೂರುತ್ತದೆ.

ಹದಿನೈದು ನಿಮಿಷ ಬಿಟ್ಟು, ಡ್ರೈ ಫಿಲ್ಮಿನ ಮೇಲಿನ ಹೊದಿಕೆಯನ್ನು ಸುಲಿದು, ಸೋಡಿಯಂ ಕಾರ್ಬೊನೇಟಿನ (ವಾಷಿಂಗ್ ಸೋಡಾದ) ಶೇ 1ರ ದ್ರಾವಣದಲ್ಲಿ, ಅಂದರೆ ಲೀಟರ್ ನೀರಿಗೆ 10 ಗ್ರಾಂ ಹಾಕಿ, ಮೆತ್ತನೆಯ ಬ್ರಶ್ಶಿನಿಂದ ತೊಳೆಯಬೇಕು. ಅದು ಸಿಗದಿದ್ದರೆ 16 ಗ್ರಾಂ ಅಡುಗೆ ಸೋಡಾವನ್ನು ಹಳೆಯ ಬಾಣಲೆಯಲ್ಲಿ ಚೆನ್ನಾಗಿ ಹುರಿಯಿರಿ. ನೀರು ಮತ್ತು ಇಂಗಾಲದ ಡೈ ಆಕ್ಸೈಡ್ ಹೊರಟುಹೋಗಿ ಸುಮಾರು 10 ಗ್ರಾಂ ಕಾರ್ಬೊನೇಟ್ ಉಳಿಯುತ್ತದೆ.

ಎಚಿಂಗ್‌ಗೆ, ಅಂದರೆ ಬೇಡದ ತಾಮ್ರವನ್ನು ಕರಗಿಸಿ ತೆಗೆಯಲು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ಸಿಗುವ ಫೆರಿಕ್ ಕ್ಲೋರೈಡನ್ನೇ ಬಳಸಿ. ಪುಡಿಯನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಪುಡಿಯ ಮೇಲೆ ನೀರು ಸುರಿಯಬಾರದು, ಏಕೆಂದರೆ ಕರಗುವಾಗ ಅದು ತೀವ್ರವಾಗಿ ಬಿಸಿಯೇರುತ್ತದೆ. ಪಾತ್ರೆ ಪ್ಲಾಸ್ಟಿಕ್ಕಿನದಾಗಿರಲಿ, ಸ್ಟೀಲನ್ನು ಅದು ತಿಂದುಹಾಕುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ದ್ರಾವಣವಿರುವ ತಟ್ಟೆಯನ್ನು ಬಿಸಿನೀರಿನ ತಟ್ಟೆಯಲ್ಲಿಟ್ಟು 40 ಡಿಗ್ರಿಯ ಸುಮಾರಿಗೆ ತಂದು, ತೂಗಾಡಿಸುತ್ತಾ ಇದ್ದರೆ ಕೆಲಸ ಬೇಗ ಮುಗಿಯುತ್ತದೆ. ಬೇಗ ಮುಗಿಯುವುದು ಇಲ್ಲಿ ಗುಣವೂ ಹೌದು, ಏಕೆಂದರೆ ದ್ರಾವಣ ಕೆಳಕ್ಕೆ ಕೊರೆಯುವಂತೆಯೇ ಟ್ರ್ಯಾಕಿನ ಪಕ್ಕಕ್ಕೂ ಕೊರೆಯುತ್ತಿರುತ್ತದೆ.

ಬಳಸಿದ ದ್ರಾವಣದ ವಿಷಯದಲ್ಲಿ ನಾನು ತುಸು ಕಠಿಣವಾಗಿಯೇ ಮಾತನಾಡುತ್ತೇನೆ. ಅದನ್ನು ಬಚ್ಚಲಿಗೆ ಸುರಿಯಬೇಡಿ. ಅದರಲ್ಲಿ ಕರಗಿರುವ ತಾಮ್ರ ಮೀನುಗಳಿಗೂ ನೀರಿನ ಪಾಚಿಗೂ ವಿಷ, ಮತ್ತು ನಮ್ಮ ಊರುಗಳಲ್ಲಿ ಚರಂಡಿಯ ನೀರು ಕೊನೆಗೆ ಯಾವ ಕೆರೆಗೆ ಸೇರುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ದ್ರಾವಣವನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಹಲವು ಬೋರ್ಡುಗಳಿಗೆ ಬರುತ್ತದೆ. ಶಕ್ತಿ ಮುಗಿದ ಮೇಲೆ ದೊಡ್ಡ ಬಕೆಟ್ಟಿನಲ್ಲಿ, ಬಯಲಿನಲ್ಲಿ, ವಾಷಿಂಗ್ ಸೋಡಾವನ್ನು ನೊರೆ ಬರುವುದು ನಿಲ್ಲುವವರೆಗೆ ನಿಧಾನವಾಗಿ ಬೆರೆಸಿ. ತಾಮ್ರವೂ ಕಬ್ಬಿಣವೂ ಕೆಸರಾಗಿ ತಳಕ್ಕಿಳಿಯುತ್ತವೆ. ಆ ಕೆಸರನ್ನು ಒಣಗಿಸಿ, ಹೆಸರು ಬರೆದು, ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಅಪಾಯಕಾರಿ ತ್ಯಾಜ್ಯದ ಜೊತೆ ಕಳುಹಿಸುವ ಏರ್ಪಾಡು ಮಾಡಿಕೊಳ್ಳಿ. ಈ ಏರ್ಪಾಡು ಆಗದೆ ಮೊದಲ ಬೋರ್ಡನ್ನೂ ಮಾಡಬೇಡಿ ಎಂಬುದು ನನ್ನ ಕೋರಿಕೆ.

ಉಳಿದದ್ದು ಟ್ರ್ಯಾಕುಗಳ ಮೇಲಿನ ಡ್ರೈ ಫಿಲ್ಮನ್ನು ತೆಗೆದು ತೂತು ಕೊರೆಯುವುದು. ರೆಸಿಸ್ಟರು, ಐಸಿಗಳಿಗೆ 0.8 ಮಿಲಿಮೀಟರ್, ಕನೆಕ್ಟರು ಮತ್ತು ದಪ್ಪ ಕಾಲಿನ ಡಯೋಡುಗಳಿಗೆ 1 ಮಿಲಿಮೀಟರ್. ಗಾಜಿನ ನಾರಿನ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಆದ್ದರಿಂದ ಮುಖಕ್ಕೆ ಮಾಸ್ಕ್ ಬೇಕು. ಮನೆಯ ಬೋರ್ಡಿನ ತೂತುಗಳ ಒಳಗೆ ಕಾರ್ಖಾನೆಯ ಬೋರ್ಡಿನಂತೆ ತಾಮ್ರದ ಲೇಪನ ಇರುವುದಿಲ್ಲ. ಎರಡು ಬದಿಯ ಬೋರ್ಡು ಮಾಡುವುದಾದರೆ ಪ್ರತಿ ತೂತಿನಲ್ಲೂ ತುಂಡು ತಂತಿ ಇಟ್ಟು ಎರಡೂ ಕಡೆ ಬೆಸೆಯಬೇಕಾಗುತ್ತದೆ. ಅಷ್ಟು ಜಟಿಲವಾದದ್ದನ್ನು ಕಾರ್ಖಾನೆಗೇ ಕಳುಹಿಸಿ. ಇಂದು ಸಂಜೆ ಬಿಡಿಸಿದ ಚಿತ್ರವನ್ನು ನಾಳೆ ಬೆಳಗ್ಗೆ ಪರೀಕ್ಷಿಸಿ, ತಪ್ಪು ಕಂಡು, ನಾಳೆ ಸಂಜೆಗೆ ತಿದ್ದಬೇಕಾದ ಒಂದು ಬದಿಯ ಬೋರ್ಡಿಗೆ ಮನೆಯ ವಿಧಾನಕ್ಕೆ ಸಾಟಿಯಿಲ್ಲ. ಬೆಸುಗೆಗೆ ಮೊದಲು ಬೋರ್ಡನ್ನು ದೀಪಕ್ಕೆ ಹಿಡಿದು ಗೆರೆಗಳ ನಡುವೆ ಉಳಿದ ಚುಕ್ಕೆಗಳನ್ನು ಹುಡುಕಿ ಕೆರೆಯಿರಿ, ಪಕ್ಕಪಕ್ಕದ ಟ್ರ್ಯಾಕುಗಳನ್ನು ಮಲ್ಟಿಮೀಟರಿನಿಂದ ಪರೀಕ್ಷಿಸಿ.

ಇಸ್ತ್ರಿ ವಿಧಾನದ ಕಾಗದ ಒಂದೇ ಸಲಕ್ಕೆ ಮುಗಿದುಹೋಗುತ್ತದೆ. ನಮ್ಮ ಮುದ್ರಿತ ಫಿಲ್ಮಿನಿಂದ ಅದೇ ಬೋರ್ಡನ್ನು ಮತ್ತೆ ಮತ್ತೆ ತೆಗೆಯಬಹುದು. ಆದ್ದರಿಂದ ಕೆಲಸ ಮುಗಿದ ಮೇಲೆ ಫಿಲ್ಮನ್ನು ಬಿಸಾಡಬೇಡಿ. ಅದರ ಅಂಚಿನಲ್ಲಿ ದಿನಾಂಕ, ಯಾವ ಕಾಗದದ ಸೆಟ್ಟಿಂಗಿನಲ್ಲಿ ಮುದ್ರಿಸಿದ್ದು, ದೀಪದಿಂದ ಎಷ್ಟು ಸೆಂಟಿಮೀಟರ್ ದೂರದಲ್ಲಿ ಎಷ್ಟು ಸೆಕೆಂಡು ಇಟ್ಟದ್ದು ಎಂಬುದನ್ನು ಮಾರ್ಕರಿನಿಂದ ಬರೆದು, ಎರಡು ಒಣ ಕಾಗದಗಳ ನಡುವೆ, ತೇವ ತಾಗದ ಜಾಗದಲ್ಲಿ ಇಡಿ.